ಹಿಂದಿನ ಜೋಡಿ ಬರಲಿ

ಬೆಳಗಾವಿ, ಹುಬ್ಬಳ್ಳಿ ಕಡೆಯ ಬೈಕ್ ಕ್ಲಬ್ಬುಗಳು ಹಬ್ಬಕ್ಕೆ ಎರಡು ದಿನ ರಜೆ ಕೂಡಿ ಬಂದರೆ ಸಾಲುಗಟ್ಟಿ ಹೊರಡುತ್ತವೆ. ಮುಂದೆ ದಾರಿ ಬಲ್ಲವನೊಬ್ಬ, ಕೊನೆಗೆ ರಿಪೇರಿ ಬಲ್ಲವನೊಬ್ಬ. ಮುಂದಿನವನನ್ನು ಯಾರೂ ದಾಟುವಂತಿಲ್ಲ, ಕೊನೆಯವನನ್ನು ಯಾರೂ ಬಿಟ್ಟು ಹೋಗುವಂತಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯ ಹಿರಿಯರಿಗೆ ಈ ಕಟ್ಟಳೆ ವಿವರಿಸಿ ನೋಡಿ, ನಕ್ಕುಬಿಡುತ್ತಾರೆ. ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಚಕ್ಕಡಿ ಸಾಲು ತಲೆತಲಾಂತರದಿಂದ ನಡೆದದ್ದೇ ಹೀಗೆ.

ಸವದತ್ತಿಯಿಂದ 5 ಕಿ.ಮೀ. ದೂರದ ಗುಡ್ಡದ ಮೇಲಿರುವ ರೇಣುಕಾ ಯಲ್ಲಮ್ಮನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ಜಾತ್ರೆಯ ಕಾಲ ಶುರುವಾಗುವುದು ಹೊಸ್ತಿಲ ಹುಣ್ಣಿಮೆಗೆ. ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆಯೂ ಆಗಲೇ. ಅಲ್ಲಿಂದ ಬಳುವಲಹಣ್ಣು, ಬಾರಿಹಣ್ಣು ತಂದು ತಿಂದು ಮುಗಿಸುವಷ್ಟರಲ್ಲಿ ಬನದ ಹುಣ್ಣಿಮೆ, ಅದರ ಬೆನ್ನಿಗೆ ಭಾರತ ಹುಣ್ಣಿಮೆ. ಎಲ್ಲವೂ ಹುಣ್ಣಿಮೆಗೇ ಬೀಳುವುದರಲ್ಲಿ ಚಕ್ಕಡಿಯವರ ಅನುಕೂಲವೂ ಇದೆ. ರಾತ್ರಿ ನಡೆದರೆ ಎತ್ತು ದಣಿಯುವುದಿಲ್ಲ, ಬೆಳದಿಂಗಳಿದ್ದರೆ ಕಂದೀಲು ಬೇಡ. ಹಿಂಗಾರಿ ಬಿತ್ತನೆ ಮುಗಿದು, ಜೋಳದ ಕೊಯ್ಲು ಇನ್ನೂ ಬಾರದ ಹೊತ್ತಿಗೆ ಎತ್ತುಗಳಿಗೂ ಬಿಡುವು.

ಹೊರಡುವ ಮುನ್ನಾದಿನ ಅಂಗಳದಲ್ಲಿ ನಿಂತು ನೋಡಬೇಕು. ಕಡಾಣಿ ಕಿತ್ತು, ಗಾಲಿಯನ್ನು ಅರ್ಧ ಹೊರಗೆಳೆದು, ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಾರೆ. ಕೈ ಮೊಣಕೈತನಕ ಕರ್ರಗೆ. ಚಳಿಗಾಲದ ಒಣಹವೆಗೆ ಕಟ್ಟಿಗೆ ಸೊರಗಿ ಕಬ್ಬಿಣದ ಹಳಿ ಸಡಿಲಾಗಿದ್ದರೆ ಗಾಲಿಯನ್ನು ನೀರಲ್ಲಿ ನೆನೆಹಾಕುವುದೂ ಉಂಟು. ಡಾಂಬರು ರಸ್ತೆಗೆ ಗೊರಸು ಸವೆಯದಂತೆ ಲಾಳ ಬಡಿಸುತ್ತಾರೆ. ಕೊಂಬಿಗೆ ಬಣ್ಣ, ಅದರ ತುದಿಗೆ ಕೊಂಬಣಸು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಝೂಲ. ಖಿಲಾರಿ ಜೋಡಿಯಾದರೆ ಯಜಮಾನನ ಮೀಸೆ ಇನ್ನೊಂದಿಷ್ಟು ಮೇಲೇರುತ್ತದೆ.

ಆದರೆ ನಿಜವಾದ ಕಸುಬು ಸಾಮಾನು ಹೇರುವುದರಲ್ಲಿದೆ. ಭಾರ ಮುಂದೆ ಬಿದ್ದರೆ ನೊಗ ಎತ್ತಿನ ಹೆಗಲು ತಿನ್ನುತ್ತದೆ. ಹಿಂದೆ ಬಿದ್ದರೆ ಮೂಕಿ ಮೇಲೆದ್ದು ಕೊರಳಿಗೆ ಉರುಲು. ಹೀಗಾಗಿ ಕಣಕಿ, ಹಿಂಡಿ, ಕಟ್ಟಿಗೆ, ನೀರಿನ ಕೊಡ, ಕಟಕರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ ಎಲ್ಲಕ್ಕೂ ಗೊತ್ತಾದ ಜಾಗ ಉಂಟು. ಮಕ್ಕಳು ನಡುವೆ, ಅಜ್ಜಿ ಗಾಲಿಯ ಮೇಲುಭಾಗಕ್ಕೆ. ಅಜ್ಜಿ ಅಲ್ಲಿಂದ ಸರಿದು ಕೂತರೆ ಸಾರಥಿಗೆ ತಿರುಗಿ ನೋಡದೆಯೂ ಗೊತ್ತಾಗುತ್ತದೆ.

ಬೈಲಹೊಂಗಲದಿಂದಾಗಲಿ ರಾಮದುರ್ಗದಿಂದಾಗಲಿ ಸವದತ್ತಿ 30–40 ಕಿ.ಮೀ., ಕಿತ್ತೂರಿನಿಂದ 50ರ ಮೇಲೆ. ಎತ್ತು ಗಂಟೆಗೆ ನಡೆಯುವುದು ನಾಲ್ಕು ಕಿ.ಮೀ. ಆಸುಪಾಸು. ದಾರಿಯಲ್ಲಿ ವಸ್ತಿ ಮಾಡದೆ ಗತ್ಯಂತರವಿಲ್ಲ. ಮುಂದೆ ಪಳಗಿದ ಜೋಡಿ, ಕೊನೆಗೆ ಅನುಭವಸ್ಥನ ಚಕ್ಕಡಿ, ಹೊಸ ಹೋರಿಗಳು ನಡುವೆ. ಹುಡುಗನೊಬ್ಬ ಎತ್ತಿನ ಬಾಲ ಮುಟ್ಟಿ ಓಡಿಸಲು ನೋಡಿದರೆ ಹಿಂದಿನಿಂದ ಕೂಗು ಕೇಳುತ್ತದೆ: ‘ಏ ತಮ್ಮಾ, ಅವಸರ ಮಾಡಬ್ಯಾಡೊ, ಹಿಂದಿನ ಜೋಡಿ ಬರ್ಲಿ!’ ಇಡೀ ಸಾಲಿನ ವೇಗ ನಿರ್ಧರಿಸುವುದು ಅದರಲ್ಲಿನ ಅತಿ ನಿಧಾನದ ಜೋಡಿ. ಈ ಒಂದು ನಿಯಮ ಮುರಿದರೆ ಉಳಿದವೆಲ್ಲ ಇದ್ದೂ ಇಲ್ಲದಂತೆ.

ದಾರಿಯೇನೂ ಹಿಂದಿನಂತೆ ಉಳಿದಿಲ್ಲ. 1972ರಲ್ಲಿ ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ನಿಂತಿತು. ಊರು, ಹೊಲಗಳ ಜೊತೆ ಎಷ್ಟೋ ಬಂಡಿದಾರಿಗಳೂ ರೇಣುಕಾ ಸಾಗರದ ಹಿನ್ನೀರಿಗೆ ಸೇರಿದವು. ಈಗ ಮುನವಳ್ಳಿಯ ಕಡೆಯಿಂದ ಬರುವವರು ಡಾಂಬರಿನ ಮೇಲೆ, ಕಬ್ಬಿನ ಲಾರಿಗಳ ಪಕ್ಕದಲ್ಲೇ ಸಾಗಬೇಕು.

ಸವದತ್ತಿ ಮುಟ್ಟಿದೊಡನೆ ಗುಡ್ಡ ಏರುವ ಪದ್ಧತಿ ಇಲ್ಲ. ಮೊದಲು ಜೋಗುಳಬಾವಿಯಲ್ಲಿ ಮಿಂದು ಸತ್ಯಮ್ಮನಿಗೆ ಕೈಮುಗಿಯಬೇಕು. ಮೇಲೆ ಹೋದ ಮೇಲೆ ಎಣ್ಣೆಹೊಂಡದ ನೀರು, ಭಂಡಾರದ ಹಳದಿ, ‘ಉಧೋ ಉಧೋ’ ಕೂಗು, ಚೌಡಿಕೆಯ ಸದ್ದು. ಬಯಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ಹೋಳಿಗೆ, ಕಡಬು, ವಡಿ, ಬದನೆಕಾಯಿ ಪಲ್ಯ ಮಾಡಿ ಪಡ್ಡಲಗಿ ತುಂಬುತ್ತಾರೆ. ಜೋಗತಿಯರಿಗೆ, ಪಕ್ಕದ ಒಲೆಯವರಿಗೆ ಕೊಟ್ಟ ಮೇಲೆಯೇ ಊಟ. ಕೊಲ್ಲಾಪುರ, ಸಾಂಗಲಿ ಕಡೆಯವರೂ ಅಲ್ಲೇ ಒಲೆ ಹಚ್ಚಿರುತ್ತಾರೆ. ಮರಾಠಿ ಹೋಳಿಗೆಗೂ ನಮ್ಮ ಹೋಳಿಗೆಗೂ ಜಗಳವಿಲ್ಲ.

ಈ ಗುಡ್ಡದ ಬಗ್ಗೆ ಬರೆಯುವಾಗ ಬರೀ ಭಂಡಾರದ ಬಣ್ಣ ಹೇಳಿ ಮುಗಿಸಲಾಗದು. ಇದೇ ಹಾದಿಯಲ್ಲಿ, ಇಂಥವೇ ಚಕ್ಕಡಿಗಳಲ್ಲಿ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿಸಲು ಕರೆತಂದದ್ದೂ ನಿಜ. ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ತಂದಿತು. ಬಲಿಯಾದವರಲ್ಲಿ ಹೆಚ್ಚಿನವರು ದಲಿತ ಮನೆಗಳ ಮಕ್ಕಳು.

ಈಗ ಚಕ್ಕಡಿಗಿಂತ ಟ್ರ್ಯಾಕ್ಟರುಗಳೇ ಹೆಚ್ಚು. ಎತ್ತಿನ ಜೋಡಿ ಸಾಕುವ ಖರ್ಚು ಬಲ್ಲವರು ಅದನ್ನು ದೂರಲಾರರು. ಎರಡು ಟ್ರೇಲರ್ ಜೋಡಿಸಿ, ತಾಡಪಾಲು ಕಟ್ಟಿ, ಇಡೀ ಓಣಿಯೇ ಹತ್ತಿ ಕೂರುತ್ತದೆ; ಮೊಣಕಾಲು ನೋವಿನ ಅಜ್ಜಿಗೆ ಅದೇ ಪುಷ್ಪಕ ವಿಮಾನ. ಹುಡುಗರು ಬೈಕ್ ಏರುತ್ತಾರೆ. ಹ್ಯಾಂಡಲಿಗೆ ಹಸಿರು ರಿಬ್ಬನ್ನು, ಹಣೆಗೆ ಭಂಡಾರ, ಒಂದು ಗಾಡಿಗೆ ಮೂವರು, ತಲೆಗೆ ಹೆಲ್ಮೆಟ್ ಇಲ್ಲ. ಒಂದು ತಾಸಿನಲ್ಲಿ ಗುಡ್ಡ, ದರ್ಶನ, ಭಜಿ ತಿಂದು ವಾಪಸ್. ನನಗೆ ಅವರ ವೇಗದ ಮೇಲೆ ಸಿಟ್ಟಿಲ್ಲ. ವಸ್ತಿ ತಪ್ಪಿಸಿಕೊಳ್ಳುತ್ತಾರಲ್ಲ ಎಂಬ ಬೇಜಾರು. ದಾಯಾದಿಗಳ ಮುನಿಸು ಕರಗುವುದು, ಮದುವೆಯ ಮಾತು ಶುರುವಾಗುವುದು, ಸಾಲ ಕೇಳಲು ಧೈರ್ಯ ಬರುವುದು, ಎಲ್ಲ ಆ ಒಂದು ರಾತ್ರಿಯ ಒಲೆಯ ಸುತ್ತಲೇ.

ದೂರದ ಕ್ಲಬ್ಬಿನವರು ಈ ಕಡೆ ಬರುವುದಾದರೆ ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ಇರುತ್ತದೆ. ಕೋಟೆ ನೋಡಿ, ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿಗೆ ನಮಿಸಿ, ನವಿಲುತೀರ್ಥ ದಾಟಿ ರಾಮದುರ್ಗದತನಕ ಹೋಗಬಹುದು. ಜಾತ್ರೆ ಹುಣ್ಣಿಮೆಗೇ ಬಂದರೆ ಚಕ್ಕಡಿಗಳ ಹಿಂದೆ ಹಾರ್ನ್ ಒತ್ತಬೇಡಿ. ಹೊಸ ಹೋರಿ ಬೆದರಿದರೆ ಮೊದಲು ಓಡುವುದು ಗಟಾರದ ಕಡೆಗೆ. ಗೇರ್ ಇಳಿಸಿ, ಎಡಗಡೆ ಜಾಗ ಬಿಟ್ಟು ಕಾಯಿರಿ. ರಸ್ತೆ ಅಗಲವಾದ ಕಡೆ ಕೊನೆಯ ಚಕ್ಕಡಿಯವರೇ ಕೈ ಬೀಸಿ ದಾಟಿಕೊಳ್ಳಿ ಎನ್ನುತ್ತಾರೆ.