ನಿಮಗಿದು ಗೊತ್ತೇ? ಬೇಸ್‌ಬಾಲ್ ಕ್ಯಾಚರ್ ಯೋಗಿ ಬೆರಾ

● ಬೇಸ್‌ಬಾಲ್‌ನಲ್ಲಿ ಫೀಲ್ಡಿಂಗ್ ಮಾಡುವ ಒಂಬತ್ತು ಜನರಲ್ಲಿ ಎಂಟು ಮಂದಿ ಬ್ಯಾಟರ್ ಕಡೆಗೆ ಮುಖಮಾಡಿ ನಿಲ್ಲುತ್ತಾರೆ. ಒಂಬತ್ತನೆಯವನು ಬ್ಯಾಟರ್‌ನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಇಡೀ ಮೈದಾನವನ್ನು ಎದುರಿಗಿಟ್ಟುಕೊಂಡಿರುತ್ತಾನೆ. ಅವನೇ ಕ್ಯಾಚರ್. ನೋಡುವುದಕ್ಕೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಆದರೆ ಮುಂದಿನ ಎಸೆತ ವೇಗದ್ದಾಗಿರಬೇಕೋ ತಿರುವಿನದೋ, ಬ್ಯಾಟರ್‌ಗೆ ಹತ್ತಿರ ಬರಬೇಕೋ ದೂರ ಹೋಗಬೇಕೋ ಎಂದು ಪಿಚರ್‌ಗೆ ಬೆರಳಿನ ಸನ್ನೆಯಲ್ಲಿ ಹೇಳಿಕೊಡುವವನೂ ಅವನೇ. ಈ ಕೆಲಸವನ್ನು ನ್ಯೂಯಾರ್ಕ್ ಯಾಂಕೀಸ್ ತಂಡದ ಯೋಗಿ ಬೆರಾ ಅವರಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರಿಲ್ಲ ಎಂಬುದು ನನ್ನ ನಂಬಿಕೆ. ಅವರ ವಿಚಿತ್ರ ಮಾತುಗಳನ್ನು ಜಗತ್ತೆಲ್ಲ ನೆನೆಯುತ್ತದೆ. ಅವರ ಆಟದ ಬುದ್ಧಿಯನ್ನು ನೆನೆಯುವವರು ಕಡಿಮೆ, ಅದಕ್ಕೇ ಈ ವಾರದ ಅಂಕಣ ಅವರಿಗೆ.

● ‘ಯೋಗಿ’ ಎಂಬ ಹೆಸರು ನಮ್ಮ ದೇಶದಿಂದಲೇ ಹೋದದ್ದು! ಹೆತ್ತವರು ಇಟ್ಟ ಹೆಸರು ಲಾರೆನ್ಸ್ ಪೀಟರ್ ಬೆರಾ. ಹುಟ್ಟಿದ್ದು 1925ರ ಮೇ 12ರಂದು, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಇಟಲಿಯಿಂದ ಬಂದ ಕೂಲಿಕಾರರ ಬಡಾವಣೆ ‘ದಿ ಹಿಲ್’ನಲ್ಲಿ. ತಂದೆ ಇಟ್ಟಿಗೆ ಕಾರ್ಖಾನೆಯ ಕೆಲಸಗಾರ. ಬ್ಯಾಟಿಂಗ್ ಸರದಿ ಬರುವವರೆಗೆ ಹುಡುಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕೈಕಟ್ಟಿ ಸುಮ್ಮನೆ ಕೂತಿರುತ್ತಿದ್ದ. ಸಿನಿಮಾದಲ್ಲಿ ಭಾರತದ ಯೋಗಿಯೊಬ್ಬನನ್ನು ನೋಡಿ ಬಂದಿದ್ದ ಗೆಳೆಯನಿಗೆ ಇವನೂ ಹಾಗೇ ಕಂಡ. ಅಂದಿನಿಂದ ಅವನು ಯೋಗಿ. ಲಾರೆನ್ಸ್ ಎಂಬ ಹೆಸರು ದಾಖಲೆಗಳಲ್ಲಷ್ಟೇ ಉಳಿಯಿತು.

● ಎಂಟನೇ ತರಗತಿಗೇ ಓದು ನಿಂತಿತು.

● ಬೆರಾ ಮನೆಯ ಎದುರು ಮನೆಯಲ್ಲಿ ಇನ್ನೊಬ್ಬ ಕ್ಯಾಚರ್ ಬೆಳೆಯುತ್ತಿದ್ದ: ಜೋ ಗ್ಯಾರಜಿಯೋಲಾ. ಎಲಿಜಬೆತ್ ಅವೆನ್ಯೂ ಎಂಬ ಒಂದೇ ಬೀದಿಯ ಇಬ್ಬರು ಹುಡುಗರೂ ಮುಂದೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಸೇರಿದರು. ಊರಿನ ತಂಡವಾದ ಕಾರ್ಡಿನಲ್ಸ್ ಗ್ಯಾರಜಿಯೋಲಾಗೆ 500 ಡಾಲರ್ ಬೋನಸ್ ಕೊಟ್ಟಿತು, ಯೋಗಿಗೆ ಅದಕ್ಕಿಂತ ಕಡಿಮೆ ಹೇಳಿತು. ಗೆಳೆಯನಿಗೆ ಕೊಟ್ಟಷ್ಟು ಕೊಡದಿದ್ದರೆ ಬೇಡ ಎಂದು ಹುಡುಗ ಹಟ ಹಿಡಿದ. ಯಾಂಕೀಸ್ ಆ 500 ಡಾಲರ್ ಕೊಟ್ಟು ಕರೆದುಕೊಂಡಿತು. ಬೇಸ್‌ಬಾಲ್ ಚರಿತ್ರೆಯಲ್ಲಿ ಅಷ್ಟು ಸಣ್ಣ ಮೊತ್ತಕ್ಕೆ ಅಷ್ಟು ದೊಡ್ಡ ಲಾಭ ಬೇರೆ ಯಾರಿಗಾದರೂ ಸಿಕ್ಕಿರುವುದು ಅನುಮಾನ.

● 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದಾಗ ಯೋಗಿ ಸಮುದ್ರದ ಮೇಲಿದ್ದರು. ಹತ್ತೊಂಬತ್ತು ತುಂಬಿ ಇನ್ನೂ ತಿಂಗಳಾಗಿರಲಿಲ್ಲ. ನೌಕಾಪಡೆಯ ಪುಟ್ಟ ರಾಕೆಟ್ ದೋಣಿಯೊಂದರಲ್ಲಿ ಗನ್ನರ್ ಕೆಲಸ. ದೊಡ್ಡ ಹಡಗುಗಳಿಗಿಂತ ಮುಂದೆ ಹೋಗಿ, ದಡಕ್ಕೆ ಹತ್ತಿರದಿಂದ ಗುಂಡು ಹಾರಿಸಬೇಕಾಗಿದ್ದ ದೋಣಿ ಅದು.

● ಮೊದಲ ಮೇಜರ್ ಲೀಗ್ ಪಂದ್ಯ 1946ರ ಸೆಪ್ಟೆಂಬರ್ 22. ಅದರಲ್ಲೇ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಅವರು ತೀರಿಕೊಂಡದ್ದೂ ಸೆಪ್ಟೆಂಬರ್ 22ರಂದೇ, 2015ರಲ್ಲಿ. ಸರಿಯಾಗಿ 69 ವರ್ಷಗಳ ನಂತರ.

● ಎತ್ತರ ಸುಮಾರು 170 ಸೆಂಟಿಮೀಟರ್, ಗಿಡ್ಡ ಕಾಲು, ದಪ್ಪ ಮೈ. ಎದುರು ತಂಡದವರೂ ಕೆಲವು ಪತ್ರಕರ್ತರೂ ಆ ರೂಪವನ್ನು ಎಗ್ಗಿಲ್ಲದೆ ಆಡಿಕೊಂಡರು. ಇಂದು ಆ ಬರಹಗಳನ್ನು ಓದಿದರೆ ಬೇಸರವಾಗುತ್ತದೆ. ಮೊದಮೊದಲು ಕ್ಯಾಚಿಂಗ್‌ನಲ್ಲಿ ಕೊರತೆ ಇದ್ದದ್ದು ಮಾತ್ರ ನಿಜ. ಎದುರಾಳಿ ಓಟಗಾರ ಎರಡನೇ ಬೇಸನ್ನು ಕದಿಯಲು ಓಡಿದಾಗ ಕ್ಯಾಚರ್ ಥಟ್ಟನೆ ಎದ್ದು ಸುಮಾರು 38.8 ಮೀಟರ್ ದೂರಕ್ಕೆ ಗುರಿಯಿಟ್ಟು ಎಸೆಯಬೇಕು. ಚೆಂಡು ಕೈಗೆ ಬಿದ್ದಾಗಿನಿಂದ ಅಲ್ಲಿ ಮುಟ್ಟುವವರೆಗೆ ಇರುವ ಸಮಯ ಎರಡು ಸೆಕೆಂಡಿನ ಆಸುಪಾಸು. 1947ರ ವರ್ಲ್ಡ್ ಸೀರೀಸ್‌ನಲ್ಲಿ (ಚಾಂಪಿಯನ್ ತಂಡವನ್ನು ನಿರ್ಧರಿಸುವ ಋತುವಿನ ಕೊನೆಯ ಸರಣಿ) ಬ್ರೂಕ್ಲಿನ್ ಡಾಜರ್ಸ್ ಆಟಗಾರರು ಯೋಗಿಯ ಎಸೆತವನ್ನು ಲೆಕ್ಕಕ್ಕೇ ಇಡದೆ ಓಡಿದರು. ತಂಡ ಅವರನ್ನು ಆ ಜಾಗದಿಂದ ಎಬ್ಬಿಸಿ ಔಟ್‌ಫೀಲ್ಡ್‌ಗೆ ಕಳಿಸಿತು. ಅದೇ ಸರಣಿಯಲ್ಲಿ ಬದಲಿ ಬ್ಯಾಟರ್ ಆಗಿ ಇಳಿದು ಹೋಮ್ ರನ್ ಹೊಡೆದ ವರ್ಲ್ಡ್ ಸೀರೀಸ್‌ನ ಮೊದಲ ಆಟಗಾರ ಎನಿಸಿಕೊಂಡದ್ದೂ ಅವರೇ.

● ಹಾಗಾದರೆ ಶ್ರೇಷ್ಠ ಕ್ಯಾಚರ್ ಆದದ್ದು ಹೇಗೆ? ಗುರುವಿನಿಂದ. 1949ರಲ್ಲಿ ಮ್ಯಾನೇಜರ್ ಆಗಿ ಬಂದ ಕೇಸಿ ಸ್ಟೆಂಗಲ್ ಈ ಹುಡುಗನ ಮೇಲೆ ನಂಬಿಕೆ ಇಟ್ಟರು. ಯಾಂಕೀಸ್‌ನ ಹಳೆಯ ಮಹಾ ಕ್ಯಾಚರ್ ಬಿಲ್ ಡಿಕಿ ಪಕ್ಕದಲ್ಲಿ ನಿಂತು ಕಾಲಿಡುವ ಕ್ರಮದಿಂದ ಹಿಡಿದು ಎಲ್ಲವನ್ನೂ ತಿದ್ದಿದರು. ಸ್ವತಃ ದೊಡ್ಡ ಆಟಗಾರನಾದವನು ತನ್ನ ಜಾಗಕ್ಕೆ ಬಂದವನಿಗೆ ಗುಟ್ಟೆಲ್ಲ ಬಿಟ್ಟುಕೊಡುವುದು ಎಲ್ಲ ಕಡೆ ನಡೆಯುವ ಮಾತಲ್ಲ. ಯೋಗಿಯೂ ಶ್ರದ್ಧೆಯಿಂದ ಕಲಿತರು. 1957ರಿಂದ 1959ರವರೆಗೆ ಸತತ 148 ಪಂದ್ಯಗಳಲ್ಲಿ ಕ್ಯಾಚರ್ ಸ್ಥಾನದಲ್ಲಿ ಅವರಿಂದ ಒಂದೂ ತಪ್ಪಾಗಲಿಲ್ಲ. ಡಿಕಿ ತೊಟ್ಟಿದ್ದು 8ನೇ ನಂಬರಿನ ಅಂಗಿ, ಯೋಗಿ ತೊಟ್ಟಿದ್ದೂ ಅದೇ. 1972ರಲ್ಲಿ ಇಬ್ಬರ ಗೌರವಾರ್ಥ ಯಾಂಕೀಸ್ ಆ ಸಂಖ್ಯೆಗೆ ವಿಶ್ರಾಂತಿ ಕೊಟ್ಟಿತು.

● ಕ್ಯಾಚರ್ ಮುಖಕ್ಕೆ ಹಾಕುವ ಕಬ್ಬಿಣದ ಜಾಲರಿ ಹುಟ್ಟಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ. ಕತ್ತಿವರಸೆಯವರ ಮುಖಕವಚವನ್ನೇ ಮಾರ್ಪಡಿಸಿ ಫ್ರೆಡ್ ಥೇಯರ್ ಎಂಬ ವಿದ್ಯಾರ್ಥಿ 1878ರಲ್ಲಿ ಪೇಟೆಂಟ್ ಪಡೆದ. ಮೊಣಕಾಲಿನ ಕೆಳಗಿನ ಪ್ಯಾಡನ್ನು ಮೇಜರ್ ಲೀಗ್‌ನಲ್ಲಿ ರೂಢಿಗೆ ತಂದವರು 1907ರಲ್ಲಿ ರೋಜರ್ ಬ್ರೆಸ್ನಹನ್. ಯೋಗಿ ಸೇರಿಸಿದ್ದು ಒಂದು ಸಣ್ಣ ಉಪಾಯ: ತೋರುಬೆರಳನ್ನು ಗ್ಲೌಸಿನ ಹೊರಗೆ ಇಟ್ಟುಕೊಳ್ಳುವುದು. ಮುಂದೆ ಬಹಳ ಜನ ಇದನ್ನು ಅನುಸರಿಸಿದರು.

● 1950ರ ಋತುವಿನಲ್ಲಿ 597 ಸಲ ಬ್ಯಾಟ್ ಬೀಸಲು ನಿಂತ ಯೋಗಿ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಔಟ್, ಆದದ್ದು ಬರೀ 12 ಸಲ. ಹೊಡೆದ ಹೋಮ್ ರನ್ 28! ಇಂದಿನ ಬ್ಯಾಟರ್‌ಗಳಲ್ಲಿ ಅನೇಕರು ಒಂದೇ ವಾರದಲ್ಲಿ ಅಷ್ಟು ಸಲ ಸ್ಟ್ರೈಕ್‌ಔಟ್ ಆಗುವುದುಂಟು. ಯಾರೂ ಮುಟ್ಟದ ಚೆಂಡನ್ನು, ನೆಲಕ್ಕೆ ತಾಗುವಂತೆ ಬಂದದ್ದನ್ನೂ ತಲೆಮಟ್ಟದಲ್ಲಿ ಹೋಗುವುದನ್ನೂ, ಅವರು ಹೊಡೆಯುತ್ತಿದ್ದರು. ವೃತ್ತಿಜೀವನದ ಒಟ್ಟು ಲೆಕ್ಕ 358 ಹೋಮ್ ರನ್, 414 ಸ್ಟ್ರೈಕ್‌ಔಟ್.

● ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಯೋಗಿಗೆ ಬಂದದ್ದು 1951, 1954, 1955ರಲ್ಲಿ. ನ್ಯಾಷನಲ್ ಲೀಗ್‌ನಲ್ಲಿ ಅದೇ ಪ್ರಶಸ್ತಿ 1951, 1953, 1955ರಲ್ಲಿ ಇನ್ನೊಬ್ಬ ಕ್ಯಾಚರ್‌ಗೆ ಹೋಯಿತು. ಅವರು ಬ್ರೂಕ್ಲಿನ್ ಡಾಜರ್ಸ್‌ನ ರಾಯ್ ಕ್ಯಾಂಪನೆಲಾ. ಒಂದೇ ನಗರದ ಎರಡು ತಂಡಗಳಲ್ಲಿ ಒಂದೇ ಕಾಲಕ್ಕೆ ಇಂಥ ಇಬ್ಬರು!

ಕ್ಯಾಂಪನೆಲಾ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ತಂದೆ ಇಟಲಿ ಮೂಲದವರು, ತಾಯಿ ಆಫ್ರಿಕನ್ ಅಮೆರಿಕನ್. ಕಪ್ಪು ಆಟಗಾರರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಹದಿನೈದನೇ ವಯಸ್ಸಿಗೇ ನೀಗ್ರೋ ಲೀಗ್‌ನಲ್ಲಿ ಆಡಲು ಶುರುಮಾಡಿದವರು. ಡಾಜರ್ಸ್ ತಂಡಕ್ಕೆ ಬಂದದ್ದು 1948ರಲ್ಲಿ. ಹತ್ತು ವರ್ಷದ ಬಳಿಕ, 1958ರ ಜನವರಿಯಲ್ಲಿ, ಕಾರು ಅಪಘಾತದಲ್ಲಿ ಕತ್ತಿನ ಮೂಳೆ ಮುರಿದು ದೇಹ ಸ್ವಾಧೀನ ತಪ್ಪಿತು. ತಂಡ ಆ ವರ್ಷವೇ ಲಾಸ್ ಏಂಜಲೀಸ್‌ಗೆ ಹೋಯಿತು, ಅವರು ಅಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 1959ರ ಮೇ 7ರಂದು ಅವರ ಗೌರವಕ್ಕಾಗಿ ಆ ಊರಿನಲ್ಲಿ ಪ್ರದರ್ಶನ ಪಂದ್ಯ ಏರ್ಪಟ್ಟಾಗ ಎದುರು ಆಡಲು ಬಂದದ್ದು ಯಾಂಕೀಸ್. ಸೇರಿದ್ದವರು 93,103 ಜನ. ಕ್ರೀಡಾಂಗಣದ ದೀಪ ಆರಿಸಿದಾಗ ಪ್ರೇಕ್ಷಕರೆಲ್ಲ ಬೆಂಕಿಕಡ್ಡಿ ಗೀರಿ ಅವರಿಗೆ ಬೆಳಕು ತೋರಿಸಿದರು.

● 1951ರ ಸೆಪ್ಟೆಂಬರ್ 28. ಯಾಂಕೀಸ್ ಪಿಚರ್ ಆಲಿ ರೆನಾಲ್ಡ್ಸ್ ಒಂದು ಹಿಟ್ಟನ್ನೂ ಬಿಟ್ಟುಕೊಡದೆ ಕೊನೆಯ ಬ್ಯಾಟರ್‌ವರೆಗೆ ಬಂದಿದ್ದರು. ಎದುರಿಗಿದ್ದವರು ಟೆಡ್ ವಿಲಿಯಮ್ಸ್, ಬೇಸ್‌ಬಾಲ್ ಕಂಡ ಅತಿ ಶ್ರೇಷ್ಠ ಬ್ಯಾಟರ್‌ಗಳಲ್ಲಿ ಒಬ್ಬರು. ಚೆಂಡು ಮೇಲಕ್ಕೆ ಹಾರಿತು, ಯೋಗಿ ಅದರ ಕೆಳಗೆ ಓಡಿದರು, ಕೈಚೆಲ್ಲಿದರು. ರೆನಾಲ್ಡ್ಸ್ ಕೋಪಗೊಳ್ಳದೆ ಸಮಾಧಾನ ಹೇಳಿದರು. ವಿಲಿಯಮ್ಸ್‌ಗೆ ಇನ್ನೊಂದು ಅವಕಾಶ ಸಿಕ್ಕಿತು ಎಂದರೆ ಯಾವ ತಂಡಕ್ಕಾದರೂ ಎದೆ ನಡುಗಬೇಕು. ಆದರೆ ಯೋಗಿ ಮತ್ತೆ ಅದೇ ಬಗೆಯ ಎಸೆತಕ್ಕೇ ಸನ್ನೆ ಮಾಡಿದರು. ಮತ್ತೆ ಅದೇ ರೀತಿ ಚೆಂಡು ಮೇಲೆದ್ದಿತು. ಈ ಸಲ ಹಿಡಿದರು.

● ವರ್ಲ್ಡ್ ಸೀರೀಸ್ ಚರಿತ್ರೆಯಲ್ಲಿ ಒಬ್ಬ ಪಿಚರ್ ‘ಪರ್ಫೆಕ್ಟ್ ಗೇಮ್’ ಸಾಧಿಸಿರುವುದು ಒಂದೇ ಸಲ, ಅಂದರೆ ಸತತ 27 ಬ್ಯಾಟರ್‌ಗಳಲ್ಲಿ ಒಬ್ಬನೂ ಬೇಸ್ ಮುಟ್ಟದೆ ಔಟಾಗುವುದು. ದಿನಾಂಕ 1956ರ ಅಕ್ಟೋಬರ್ 8, ಪಿಚರ್ ಡಾನ್ ಲಾರ್ಸೆನ್, ಎದುರು ತಂಡ ಬ್ರೂಕ್ಲಿನ್ ಡಾಜರ್ಸ್. ಲಾರ್ಸೆನ್ ದೊಡ್ಡ ಹೆಸರೇನೂ ಅಲ್ಲ. ಎರಡು ವರ್ಷದ ಹಿಂದೆ ಬೇರೆ ತಂಡದಲ್ಲಿದ್ದಾಗ 3 ಪಂದ್ಯ ಗೆದ್ದು 21 ಸೋತಿದ್ದರು. ಆ ದಿನ ಅವರು ಎಸೆದದ್ದು 97 ಚೆಂಡು. ಪ್ರತಿಯೊಂದಕ್ಕೂ ಸನ್ನೆ ಯೋಗಿಯದು, ಒಂದನ್ನೂ ತಾನು ನಿರಾಕರಿಸಲಿಲ್ಲ ಎಂದು ಲಾರ್ಸೆನ್ ಮುಂದೆ ಹೇಳಿದರು. ಜಾಕಿ ರಾಬಿನ್ಸನ್, ಡ್ಯೂಕ್ ಸ್ನೈಡರ್, ಕ್ಯಾಂಪನೆಲಾರಂಥ ಬ್ಯಾಟರ್‌ಗಳಿದ್ದ ತಂಡದ ಎದುರು 97 ಸಲ ಯೋಚಿಸುವುದು, 97 ಸಲವೂ ಸರಿಯಾಗುವುದು. ದಾಖಲೆ ಲಾರ್ಸೆನ್ ಹೆಸರಿನಲ್ಲಿದೆ, ಇರಬೇಕಾದದ್ದೇ. ಆದರೆ ಆ ಪಂದ್ಯ ಕ್ಯಾಚರ್‌ನದೂ ಹೌದು. ಕೊನೆಯ ಔಟ್ ಆಗುತ್ತಲೇ ಯೋಗಿ ಓಡಿಹೋಗಿ ಲಾರ್ಸೆನ್ ತೋಳಿಗೆ ಹಾರಿ ಮಗುವಿನಂತೆ ತೆಕ್ಕೆಬಿದ್ದ ಚಿತ್ರ ಅಮೆರಿಕದ ಮನೆಮನೆಗೂ ಗೊತ್ತು.

ಎರಡು ದಿನದ ನಂತರ ನಡೆದ ಏಳನೇ ಪಂದ್ಯದಲ್ಲಿ ಯೋಗಿ ಎರಡು ಹೋಮ್ ರನ್ ಹೊಡೆದರು. ಯಾಂಕೀಸ್ ಸರಣಿ ಗೆದ್ದಿತು.

● 1955ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಜಾಕಿ ರಾಬಿನ್ಸನ್ ಮೂರನೇ ಬೇಸಿನಿಂದ ಓಡಿಬಂದು ಹೋಮ್ ಬೇಸ್ ಕದ್ದರು. ಅಂಪೈರ್ ಸೇಫ್ ಎಂದರು. ಯೋಗಿ ಕುಣಿದಾಡಿ ವಾದಿಸಿದರು. ಔಟೇ ಆಗಿದ್ದರು ಎಂದು ಅವರು ಕೊನೆಯವರೆಗೂ, ಅಂದರೆ ಆರು ದಶಕಗಳ ಕಾಲ, ಪಟ್ಟು ಬಿಡಲಿಲ್ಲ.

● ಯಾಂಕೀಸ್‌ನ ಮೊದಲ ಕಪ್ಪು ಆಟಗಾರ ಎಲ್ಸ್‌ಟನ್ ಹೋವರ್ಡ್ ತಂಡ ಸೇರಿದ್ದು 1955ರಲ್ಲಿ. ಅವರೂ ಕ್ಯಾಚರ್. ಯೋಗಿಗೆ ವಯಸ್ಸಾಗುತ್ತ ಬಂದಂತೆ ಆ ಸ್ಥಾನ ಹೋವರ್ಡ್‌ಗೆ ಹೋಯಿತು, ಯೋಗಿ ಲೆಫ್ಟ್ ಫೀಲ್ಡ್‌ಗೆ ಸರಿದರು. ಇಬ್ಬರ ಸ್ನೇಹ ಕೆಡಲಿಲ್ಲ. 1963ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿದ ಮೊದಲ ಕಪ್ಪು ಆಟಗಾರ ಈ ಹೋವರ್ಡ್. 1960ರ ಸರಣಿಯನ್ನು ಪಿಟ್ಸ್‌ಬರ್ಗ್‌ಗೆ ಗೆದ್ದುಕೊಟ್ಟ ಬಿಲ್ ಮಜೆರಾಸ್ಕಿಯ ಹೋಮ್ ರನ್ ಗೋಡೆ ದಾಟುವುದನ್ನು ಲೆಫ್ಟ್ ಫೀಲ್ಡ್‌ನಲ್ಲಿ ನಿಂತು ನೋಡಿದವರು ಯೋಗಿಯೇ.

● ಹಾಗೆಂದು ಗ್ಲೌಸ್ ಕಳಚಿಡಲಿಲ್ಲ. 1962ರ ಜೂನ್ 24ರಂದು ಡೆಟ್ರಾಯಿಟ್‌ನಲ್ಲಿ ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಿದ್ದ ಪಂದ್ಯ 22 ಇನಿಂಗ್ಸ್ ಎಳೆಯಿತು, ಏಳು ಗಂಟೆ ನಡೆಯಿತು. ಅಷ್ಟೂ ಹೊತ್ತು ಕುಕ್ಕರುಗಾಲಿನಲ್ಲಿ ಕೂತು ಎದ್ದವರು 37 ವರ್ಷದ ಯೋಗಿ ಬೆರಾ. ಮಂಡಿ ನೋವು ಬಲ್ಲವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

● ಆಟಗಾರನಾಗಿ 14 ವರ್ಲ್ಡ್ ಸೀರೀಸ್, ಅದರಲ್ಲಿ 10 ಗೆಲುವು. 75 ಪಂದ್ಯ, 71 ಹಿಟ್. ಈ ಯಾವ ದಾಖಲೆಯನ್ನೂ ಇನ್ನೂ ಯಾರೂ ಮುರಿದಿಲ್ಲ.

● 1964ರಲ್ಲಿ ಯಾಂಕೀಸ್ ಮ್ಯಾನೇಜರ್ ಆದ ಮೊದಲ ವರ್ಷವೇ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಒಯ್ದರು. ಏಳನೇ ಪಂದ್ಯದಲ್ಲಿ ಸೋತರು, ಅದೂ ಹುಟ್ಟೂರಿನ ಕಾರ್ಡಿನಲ್ಸ್ ಎದುರು. ಮರುದಿನವೇ ಕೆಲಸ ಹೋಯಿತು. ಅವರ ಜಾಗಕ್ಕೆ ಯಾಂಕೀಸ್ ಕರೆತಂದದ್ದು ಕಾರ್ಡಿನಲ್ಸ್‌ನ ಮ್ಯಾನೇಜರ್ ಜಾನಿ ಕೀನ್ ಅವರನ್ನು! ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಯೋಗಿ ನ್ಯೂಯಾರ್ಕ್ ಮೆಟ್ಸ್ ಸೇರಿದರು. 1973ರ ಆಗಸ್ಟ್ ಕೊನೆಯಲ್ಲಿ ತನ್ನ ವಿಭಾಗದ ತಳದಲ್ಲಿ ಬಿದ್ದಿದ್ದ ಮೆಟ್ಸನ್ನು ಮ್ಯಾನೇಜರ್ ಆಗಿ ವರ್ಲ್ಡ್ ಸೀರೀಸ್‌ವರೆಗೆ ಎತ್ತಿಕೊಂಡು ಹೋದರು. ‘ಮುಗಿಯುವವರೆಗೆ ಮುಗಿದಂತಲ್ಲ’ ಎಂಬ ಅವರ ಪ್ರಸಿದ್ಧ ಮಾತನ್ನು ಜನ ಆ ಋತುವಿನ ಜೊತೆಗೇ ನೆನೆಯುತ್ತಾರೆ.

● ಕ್ಯಾಚರ್‌ಗಳೇ ಮುಂದೆ ಮ್ಯಾನೇಜರ್ ಆಗುವುದು ಬೇಸ್‌ಬಾಲ್‌ನಲ್ಲಿ ಹಳೆಯ ರೂಢಿ. ಫಿಲಡೆಲ್ಫಿಯಾ ಅಥ್ಲೆಟಿಕ್ಸನ್ನು 50 ವರ್ಷ ನಡೆಸಿದ ಕಾನಿ ಮ್ಯಾಕ್ ಕ್ಯಾಚರ್ ಆಗಿದ್ದವರು. 2010, 2012, 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೂ 2023ರಲ್ಲಿ ಟೆಕ್ಸಸ್ ರೇಂಜರ್ಸ್‌ಗೂ ಪ್ರಶಸ್ತಿ ಗೆದ್ದುಕೊಟ್ಟ ಬ್ರೂಸ್ ಬೋಚಿಯೂ ಅಷ್ಟೇ. ವರ್ಷಗಟ್ಟಲೆ ಪ್ರತಿ ಚೆಂಡಿನ ಮುಂಚೆ ಇಡೀ ಮೈದಾನವನ್ನು ಓದಿದವರಿಗೆ ಆ ಕುರ್ಚಿ ಹೊಸತಾಗಿ ಕಾಣುವುದಿಲ್ಲ.

● ಯೋಗಿಯ ಮಗ ಡೇಲ್ ಮೇಜರ್ ಲೀಗ್‌ನಲ್ಲಿ ಆಡಿದರು. ಇನ್ನೊಬ್ಬ ಮಗ ಟಿಮ್ ಅಮೆರಿಕನ್ ಫುಟ್‌ಬಾಲ್ ಆಟಗಾರರಾಗಿದ್ದರು. ಯೋಗಿ ಚಿತ್ರದ ಅಂಚೆಚೀಟಿ 2021ರಲ್ಲಿ ಬಂತು.

● 1985ರಲ್ಲಿ ಯಾಂಕೀಸ್ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಆ ಋತುವಿನ ಬರೀ 16 ಪಂದ್ಯಗಳಾದ ಮೇಲೆ, ತಂಡಕ್ಕೆ ಮರಳಿದ್ದ ಯೋಗಿಯನ್ನು ಮ್ಯಾನೇಜರ್ ಹುದ್ದೆಯಿಂದ ತೆಗೆದರು. ಅದನ್ನು ಮುಖಕ್ಕೆ ಮುಖ ಕೊಟ್ಟು ಹೇಳದೆ ಬೇರೆಯವರ ಕೈಲಿ ಹೇಳಿಸಿದರು. ಯೋಗಿ 14 ವರ್ಷ ಯಾಂಕೀ ಕ್ರೀಡಾಂಗಣಕ್ಕೆ ಕಾಲಿಡಲಿಲ್ಲ. ಕೊನೆಗೆ 1999ರಲ್ಲಿ ಸ್ಟೈನ್‌ಬ್ರೆನರ್ ತಾವೇ ನ್ಯೂಜೆರ್ಸಿಯಲ್ಲಿದ್ದ ಯೋಗಿ ಬೆರಾ ಮ್ಯೂಸಿಯಂಗೆ ಹೋಗಿ ಕ್ಷಮೆ ಕೇಳಿದ ಮೇಲೆ ಮುನಿಸು ಮುಗಿಯಿತು. ಆ ವರ್ಷ ಜುಲೈ 18ರಂದು ಕ್ರೀಡಾಂಗಣದಲ್ಲಿ ‘ಯೋಗಿ ಬೆರಾ ದಿನ’ ನಡೆಯಿತು. ಲಾರ್ಸೆನ್ ಬಂದು ಸಾಂಕೇತಿಕವಾಗಿ ಒಂದು ಚೆಂಡು ಎಸೆದರು, ಯೋಗಿ ಹಿಡಿದರು. ಆಮೇಲೆ ಶುರುವಾದ ಪಂದ್ಯದಲ್ಲಿ ಯಾಂಕೀಸ್ ಪಿಚರ್ ಡೇವಿಡ್ ಕೋನ್, ಇಬ್ಬರ ಕಣ್ಣೆದುರಿಗೇ, ಪರ್ಫೆಕ್ಟ್ ಗೇಮ್ ಎಸೆದುಬಿಟ್ಟರು! ಎಸೆದ ಚೆಂಡು 88. ಅವನ್ನು ಹಿಡಿದ ಕ್ಯಾಚರ್ ಜೋ ಗಿರಾರ್ಡಿ. 2009ರಲ್ಲಿ ಯಾಂಕೀಸ್ ವರ್ಲ್ಡ್ ಸೀರೀಸ್ ಗೆದ್ದಾಗ ತಂಡದ ಮ್ಯಾನೇಜರ್ ಆಗಿದ್ದವರೂ ಅವರೇ.