ಹಾರ್ಮೋನಿಯಂ ಮೇಷ್ಟರ ರಾತ್ರಿಶಾಲೆ

ಅರಸೀಕೆರೆಯ ಸೀಮೆಯಲ್ಲಿ ರಾಗಿಯ ಕೊಯ್ಲು ಮುಗಿದು, ಕಣದ ಕೆಲಸ ತೀರಿ, ತೆಂಗಿನ ತೋಟಕ್ಕೆ ನೀರು ಹಾಯಿಸುವುದೊಂದನ್ನುಳಿದು ಬೇರೆ ಅವಸರದ ದುಡಿಮೆಯಿಲ್ಲದ ದಿನಗಳು ಬಂದವೆಂದರೆ, ಹಲವು ಹಳ್ಳಿಗಳಲ್ಲಿ ಇರುಳಿನ ಊಟವಾದ ಮೇಲೆ ಒಂದು ಶಾಲೆ ತೆರೆಯುತ್ತದೆ. ಗುಡಿಯ ಪ್ರಾಂಗಣವೋ ಊರ ಮುಂದಿನ ಸ್ಕೂಲಿನ ಜಗಲಿಯೋ ಯಾರಾದರೂ ಅನುಕೂಲಸ್ಥರ ಮನೆಯ ಪಡಸಾಲೆಯೋ ಅದರ ನೆಲೆ. ಇಪ್ಪತ್ತರ ಹುಡುಗನಿಂದ ಮೊದಲ್ಗೊಂಡು ಅರುವತ್ತು ದಾಟಿದ ಹಿರಿಯರವರೆಗೆ, ಹೊಲ ಉಳುವವರು, ಕೊಬ್ಬರಿ ವ್ಯಾಪಾರದವರು, ಪಂಚಾಯಿತಿಯ ಸದಸ್ಯರು, ಪೇಟೆಯಲ್ಲಿ ಅಂಗಡಿಯಿಟ್ಟವರು, ಎಲ್ಲರೂ ಅಲ್ಲಿ ಸಹಪಾಠಿಗಳು. ಗುರು ಒಬ್ಬರೇ, ನಾಟಕದ ಮೇಷ್ಟರು. ಅವರ ಮುಂದೆ ಒಂದು ಹಾರ್ಮೋನಿಯಂ. ಎರಡು ಮೂರು ತಿಂಗಳು ಎಡೆಬಿಡದೆ ನಡೆಯುವ ಈ ಅಭ್ಯಾಸಕ್ಕೆ ಊರವರು ಪ್ರಾಕ್ಟೀಸು ಎನ್ನುತ್ತಾರೆ. ಹಳಬರ ಬಾಯಲ್ಲಿ ಅದು ತಾಲೀಮು. ಅದರ ಕಡೆಯಲ್ಲಿ, ಜಾತ್ರೆಯ ಸಮಯಕ್ಕೋ ಯುಗಾದಿಯ ಆಸುಪಾಸಿಗೋ, ಒಂದು ರಾತ್ರಿ ‘ಕುರುಕ್ಷೇತ್ರ’ ನಡೆಯುತ್ತದೆ. ಇಲ್ಲವೆ ‘ದಾನಶೂರ ಕರ್ಣ’, ‘ಸಂಪೂರ್ಣ ರಾಮಾಯಣ’. ಪತ್ರಿಕೆಗಳಲ್ಲಿ ವರದಿಯಾಗುವುದು ಆ ಒಂದು ರಾತ್ರಿ ಮಾತ್ರ. ಆದರೆ ಅದಕ್ಕೆ ಮುಂಚಿನ ಇರುಳುಗಳೇ ಈ ಸೀಮೆಯ ರಂಗಪ್ರಿಯರಿಗೆ ದೊರೆತಿರುವ ನಿಜವಾದ ವಿದ್ಯಾಭ್ಯಾಸವೆಂಬುದು ನನ್ನ ದೃಢವಾದ ಅಭಿಪ್ರಾಯವಾದುದರಿಂದ ಈ ಲೇಖನವು ಅವುಗಳ ಪರಿಚಯಕ್ಕೇ ಮೀಸಲಾಗಿದೆ.

ಈ ಶಾಲೆಯ ವಂಶವೃಕ್ಷ ದೊಡ್ಡದು. ಮೈಸೂರಿನ ಅರಮನೆಯ ಆಶ್ರಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದ ನಾಟಕ ಸಭೆಯೂ, ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲವೂ, ಬಳಿಕ ನಟ ವರದಾಚಾರ್ಯರ ಗಾನವೂ ಪಟ್ಟಣಗಳಲ್ಲಿ ಎಬ್ಬಿಸಿದ ಹಂಬಲವನ್ನು ಹಳ್ಳಿಯ ಬಾಗಿಲಿಗೆ ತಂದವರು ಊರೂರು ತಿರುಗಿದ ಕಂಪನಿಗಳವರು. ಅರಸೀಕೆರೆಯಿಂದ ತಿಪಟೂರನ್ನು ಹಾದು ತುಮಕೂರಿಗೆ ಹೋಗುವ ರೈಲು ಹಾದಿಯಲ್ಲೇ ಗುಬ್ಬಿ ಇದೆ. 1884ರಲ್ಲಿ ಅಲ್ಲಿ ಮೊದಲಾದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಬಲ್ಲ ಕಂಪನಿಯಾಯಿತು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಅವರ ‘ಕುರುಕ್ಷೇತ್ರ’ದ ವೈಭವವು ಬಯಲುಸೀಮೆಯ ಕಲ್ಪನೆಯಲ್ಲಿ ಬೇರೂರಿ, ನಮ್ಮೂರಿನಲ್ಲೂ ಅದೊಂದು ಆಗಬೇಕೆಂಬ ಆಸೆ ಪ್ರತಿಯೊಂದು ಊರಿಗೂ ಹುಟ್ಟಿತು. ಸಿನಿಮಾ ಬಂದು ಕಂಪನಿಗಳು ಒಂದೊಂದಾಗಿ ಪರದೆ ಇಳಿಸಿದಾಗ, ಅವುಗಳಲ್ಲಿ ಪಳಗಿದ ನಟರೂ ವಾದಕರೂ ಹಲವರು ಹಳ್ಳಿಗಳಲ್ಲಿ ನಾಟಕ ಕಲಿಸುವುದನ್ನೇ ವೃತ್ತಿಯಾಗಿ ಹಿಡಿದರು. ಇಂದಿನ ಮೇಷ್ಟರು ಅವರ ಶಿಷ್ಯರು, ಪ್ರಶಿಷ್ಯರು. ಕಂಪನಿಗಳೇ ಅಳಿದ ಮೇಲೂ ಅವುಗಳ ಮಟ್ಟುಗಳೂ ನಿಲುವುಗಳೂ ಉಳಿದುಬಂದದ್ದು ಈ ಗುರುಪರಂಪರೆಯಿಂದ.

ಶಾಲೆಯ ಮೊದಲ ಕಾರ್ಯ ಪಾರ್ಟು ಹಂಚುವುದು. ಒಳ್ಳೆಯ ದಿನ ನೋಡಿ ಹಾರ್ಮೋನಿಯಂ ಪೆಟ್ಟಿಗೆಗೆ ಪೂಜೆ ಮಾಡಿ, ಒಬ್ಬೊಬ್ಬರಿಂದಲೂ ಒಂದೊಂದು ಪದ ಹೇಳಿಸಿ, ಯಾರ ಕಂಠ ಎಷ್ಟು ಏರುತ್ತದೆ, ಯಾರ ಮೈಕಟ್ಟು ಯಾವ ವೇಷಕ್ಕೆ ಒಪ್ಪುತ್ತದೆ ಎಂಬುದನ್ನು ಮೇಷ್ಟರು ಅಳೆಯುತ್ತಾರೆ. ಇಲ್ಲಿ ಕಲಿಯುವವನೇ ಹಣ ಕೊಡಬೇಕು. ಕೃಷ್ಣ, ದುರ್ಯೋಧನ, ಭೀಮ, ಕರ್ಣ ಮುಂತಾದ ಹಿರಿಯ ಪಾತ್ರಗಳಿಗೆ ಹೆಚ್ಚು, ಚಿಕ್ಕವಕ್ಕೆ ಕಡಿಮೆ. ಮೇಷ್ಟರ ಸಂಭಾವನೆ, ಸೀನರಿ, ಡ್ರೆಸ್ಸು, ವಾದ್ಯದವರು, ಹೊರಗಿನಿಂದ ಬರುವ ಕಲಾವಿದೆಯರು, ಎಲ್ಲವೂ ಈ ಹಣದಿಂದಲೇ ನಡೆಯಬೇಕಾಗಿರುವುದರಿಂದ ಬಡವನಾದ ಒಳ್ಳೆಯ ಗಾಯಕನಿಗೆ ಕೃಷ್ಣನ ಪಾರ್ಟು ತಪ್ಪುವುದುಂಟು. ಈ ಪದ್ಧತಿಯ ನಿಜವಾದ ಕುಂದು ಇದೇ, ಇದನ್ನು ಮುಚ್ಚಿಡಬೇಕಾದುದಿಲ್ಲ. ಹಿರಿಯ ಪಾತ್ರವನ್ನು ಭಾಗಮಾಡಿ ಮೊದಲನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಇಬ್ಬರಿಗೆ ಹಂಚುವ ರೂಢಿಯೂ ಇದೆ. ವಿಮರ್ಶಕರಿಗೆ ಇದು ವಿಚಿತ್ರವೆನಿಸಬಹುದಾದರೂ, ಶಾಲೆಯೆಂಬ ದೃಷ್ಟಿಯಿಂದ ನೋಡಿದವರಿಗೆ ಇಬ್ಬರು ಕಲಿಯುವಂತಾದುದು ಲಾಭವಾಗಿಯೇ ಕಾಣುತ್ತದೆ.

ಬಳಿಕ ಪ್ರತಿಯೊಬ್ಬನೂ ತನ್ನ ಪಾರ್ಟನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಾನೆ. ಓದುಬರಹ ಹಿಡಿತಕ್ಕೆ ಬಾರದವನು ಮಗನಿಂದಲೋ ಮಗಳಿಂದಲೋ ಓದಿಸಿ ಕೇಳಿ ಬಾಯಿಪಾಠ ಮಾಡುತ್ತಾನೆ. ಮನೆಯ ಮಕ್ಕಳಿಗೂ ನಾಟಕ ಅರ್ಧ ಕಂಠಸ್ಥವಾಗುವುದು ಹೀಗೆ. ಸಂಭಾಷಣೆಗಿಂತಲೂ ಕಷ್ಟದ ಕೆಲಸ ಪದ್ಯದ್ದು, ಅದರಲ್ಲಿಯೂ ಕಂದದ್ದು. ಲಕ್ಷಣಗ್ರಂಥಗಳ ಪ್ರಕಾರ ಕಂದದ ಮೊದಲನೆಯ ಮತ್ತು ಮೂರನೆಯ ಪಾದಗಳಿಗೆ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ 20. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಪ್ರಾಸದ ಕಟ್ಟು ಬೇರೆ. ಇದನ್ನೆಲ್ಲ ಮೇಷ್ಟರು ವಿವರಿಸುವುದಿಲ್ಲ. ಪೆಟ್ಟಿಗೆಯ ಮೇಲೆ ಶ್ರುತಿ ಹಿಡಿದು ಒಂದು ಪಾದವನ್ನು ತಾವು ಹಾಡಿ, ಶಿಷ್ಯನಿಂದ ಹಾಡಿಸಿ, ಮುಂದಿನ ಪಾದ ಮರೆತು ಅವನು ಕಣ್ಣು ಪಿಳುಕಿಸಿದಾಗ ಪ್ರಾಸದ ಆ ಒಂದಕ್ಷರವನ್ನು ಮಾತ್ರ ಮೆಲ್ಲನೆ ಒತ್ತಿ ಕೊಡುತ್ತಾರೆ. ಅದು ಕಿವಿಗೆ ಬಿದ್ದೊಡನೆ ಉಳಿದದ್ದು ತಾನಾಗಿ ಹೊರಡುತ್ತದೆ. “ಗೌಡ್ರೇ, ಅಲ್ಲಿ ಉಸ್ರು ತಗೀಬ್ಯಾಡಿ, ಅರ್ಥ ಮುರೀತದೆ, ಆ ಪದ ಮುಗಿಸ್ಕಂಡು ತಗಳಿ” ಎಂದು ಮೂವತ್ತರ ಮೇಷ್ಟರು ಹೇಳಿದರೆ, ಊರಿನ ನ್ಯಾಯಪಂಚಾಯಿತಿಯಲ್ಲಿ ಎಲ್ಲರ ಬಾಯಿ ಮುಚ್ಚಿಸಬಲ್ಲ ಐವತ್ತೈದರ ಗೌಡರು “ಆಗ್ಲಿ ಮೇಷ್ಟ್ರೇ” ಎಂದು ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಾರೆ. ವಯಸ್ಕನಾದವನಿಗೆ ವಿದ್ಯೆಯ ಹಾದಿಯಲ್ಲಿ ಅಡ್ಡ ನಿಲ್ಲುವುದು ಬುದ್ಧಿಯ ಜಡತೆಗಿಂತ ಹೆಚ್ಚಾಗಿ ಮಾನದ ಅಂಜಿಕೆ. ನಾಲ್ಕು ಜನರ ಎದುರಿಗೆ ತಪ್ಪುವುದಕ್ಕೆ, ತಿದ್ದಿಸಿಕೊಳ್ಳುವುದಕ್ಕೆ ನಾಚದಿರುವ ಸ್ಥಿತಿಗೆ ಅವನನ್ನು ತಂದ ಶಾಲೆ ದೊಡ್ಡ ಶಾಲೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕ್ರಿ.ಶ. 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು ‘ಯಶೋಧರ ಚರಿತೆ’ಯನ್ನು ಬಹುತೇಕ ಕಂದಗಳಲ್ಲಿಯೇ ರಚಿಸಿದನು. ನಕ್ಷತ್ರಾಕಾರದ ತೆರೆದ ಮಂಟಪದಿಂದ ಹೊಯ್ಸಳ ಗುಡಿಗಳಲ್ಲೆಲ್ಲ ತನ್ನದೇ ಆದ ಚೆಲುವನ್ನು ಪಡೆದಿರುವ ಅರಸೀಕೆರೆಯ ಈಶ್ವರ ದೇವಾಲಯ ನಿರ್ಮಾಣವಾದದ್ದು ಅದೇ ಶತಮಾನದ ಆದಿಭಾಗದಲ್ಲಿ. ಹೊಯ್ಸಳರ ರಾಜಧಾನಿ ದೋರಸಮುದ್ರದ ವಿದ್ವತ್ಸಭೆಯಲ್ಲಿ ಮೆರೆದ ಛಂದಸ್ಸು ಇಂದು ಅದೇ ನೆಲದಲ್ಲಿ ವಿಶ್ವವಿದ್ಯಾಲಯದ ತರಗತಿಗಳಲ್ಲಿ ಪರೀಕ್ಷೆಗೆ ಓದುವ ವಿಷಯವಾಗಿರುವಾಗ, ಎದೆತುಂಬಿ ಅದನ್ನು ಹಾಡುವವರು ಯಾರೆಂದರೆ, ಬೆಳಗಿನಿಂದ ಸಂಜೆಯವರೆಗೆ ತೆಂಗಿನ ಮಟ್ಟೆ ಸುಲಿದು ಬಂದವರು. ಯಾವ ರಾಗದಲ್ಲಿ ಯಾವ ಭಾವ ಎದ್ದು ನಿಲ್ಲುತ್ತದೆ, ಮೋಹನಕ್ಕೂ ಭೈರವಿಗೂ ಏನು ಅಂತರ, ಎಂಬುದನ್ನು ಗ್ರಂಥದಿಂದಲ್ಲದೆ ಕಿವಿಯಿಂದ ಬಲ್ಲವರು ಅವರು. ‘ಸಂಧಾನ’ದ ದೃಶ್ಯದಲ್ಲಿ ಕೃಷ್ಣನ ನೀತಿ ಸರಿಯೋ ದುರ್ಯೋಧನನ ಛಲ ಸರಿಯೋ, ತಾಯಿಗೆ ಕೊಟ್ಟ ಮಾತಿಗೂ ಒಡೆಯನ ಅನ್ನಕ್ಕೂ ನಡುವೆ ಸಿಕ್ಕ ಕರ್ಣನು ಮಾಡಬೇಕಾದದ್ದೇನು, ಎಂದು ಪ್ರಾಕ್ಟೀಸಿನ ಮಧ್ಯೆ ಬೀಡಿ ಹಚ್ಚಿಕೊಂಡು ಅವರು ನಡೆಸುವ ವಾದಗಳಲ್ಲಿ ಧರ್ಮಜಿಜ್ಞಾಸೆಯ ಪಾಠ ಯಾವ ಉಪನ್ಯಾಸಕ್ಕೂ ಕಡಿಮೆಯಿಲ್ಲದಂತೆ ನಡೆಯುತ್ತದೆ.

ಪ್ರದರ್ಶನದ ರಾತ್ರಿಯನ್ನು ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಸ್ತ್ರೀಪಾತ್ರಗಳಿಗೆ ವೃತ್ತಿಕಲಾವಿದೆಯರು ಹೊರಗಿನಿಂದ ಬರುತ್ತಾರೆ. ದ್ರೌಪದಿ, ಕುಂತಿ, ಉತ್ತರೆಯರ ಪಾರ್ಟುಗಳು ಅವರಿಗೆ ಮೊದಲೇ ಬಾಯಿಗೆ ಬಂದಿರುವುದರಿಂದ, ಅದುವರೆಗೆ ಒಬ್ಬರನ್ನೊಬ್ಬರು ಕಂಡಿರದ ಅರ್ಜುನ ಸುಭದ್ರೆಯರು ಆ ರಾತ್ರಿಯೇ ದಂಪತಿಗಳಾಗುವುದುಂಟು. ಈಚೆಗೆ ಗೃಹಿಣಿಯರೇ ತಂಡ ಕಟ್ಟಿ ಭೀಮ ದುರ್ಯೋಧನರ ವೇಷಗಳನ್ನೂ ತಾವೇ ಧರಿಸಿ ಪೌರಾಣಿಕ ನಾಟಕಗಳನ್ನು ಆಡುತ್ತಿರುವುದು ದಕ್ಷಿಣ ಕರ್ನಾಟಕದಲ್ಲಿ ಅಲ್ಲಲ್ಲಿ ಕಾಣುತ್ತಿರುವ ಶುಭಲಕ್ಷಣ. ಇರುಳಿನ ಶಾಲೆಗೆ ಹೆಣ್ಣುಮಕ್ಕಳು ಕೂಡ ವಿದ್ಯಾರ್ಥಿಗಳಾಗಿ ಬಂದಂತಾಯಿತು. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕಗಳು ಸಾಲಾಗಿ ನಡೆಯುವಾಗ ಹಳ್ಳಿಯ ತಂಡಗಳು ಲಾರಿ ಟೆಂಪೋಗಳಲ್ಲಿ ಬಂದಿಳಿಯುವ ಸಂಭ್ರಮವನ್ನು ಕಂಡವರಿಗೆ ಈ ಕಲೆ ಸೊರಗಿದೆಯೆಂದು ಹೇಳುವ ಧೈರ್ಯ ಬಾರದು.

ಬೆಳೆದವರಿಗೆ ವಿದ್ಯೆ ಕೊಡುವ ಪ್ರಯತ್ನವು ಸರ್ಕಾರದ ಕಡೆಯಿಂದಲೂ ಮೈಸೂರು ಸೀಮೆಯಲ್ಲಿ ಬಹು ಹಿಂದೆಯೇ ನಡೆಯಿತು. 1940ರ ದಶಕದಲ್ಲಿ ರೂಪುಗೊಂಡ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ಸಾಕ್ಷರತೆಯ ತರಗತಿಗಳನ್ನು ನಡೆಸಿ, ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸಿ, ರೈತಯುವಕರಿಗಾಗಿ ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯಲ್ಲಿ ವಿದ್ಯಾಪೀಠಗಳನ್ನೂ ಸ್ಥಾಪಿಸಿತು. ಆ ಡೇನಿಷ್ ಶಾಲೆಗಳ ಮೂಲಪುರುಷನಾದ ಗ್ರುಂಟ್‌ವಿಗ್ ಎಂಬ ಪಾದ್ರಿಯು ರೈತನಿಗೆ ಮೊದಲು ದಕ್ಕಬೇಕಾದದ್ದು ಪುಸ್ತಕದ ಅಕ್ಷರಕ್ಕಿಂತ ಹೆಚ್ಚಾಗಿ ಬಾಯಿಂದ ಕಿವಿಗೆ ಹರಿಯುವ ಜೀವಂತ ವಾಣಿ, ಅವನ ನಾಡಿನ ಹಾಡು ಮತ್ತು ಪುರಾಣಕಥೆ, ಎಂದು ನಂಬಿದ್ದನು. ಅವನ ಹೆಸರನ್ನು ಕೇಳಿರದ ನಮ್ಮ ಮೇಷ್ಟರು ಆ ನಂಬಿಕೆಯನ್ನು ಪ್ರತಿರಾತ್ರಿಯೂ ಆಚರಣೆಗೆ ತರುತ್ತಿದ್ದಾರೆ.

ಆದರೂ ಈ ಶಾಲೆ ಕಲಿಸದೆ ಬಿಡುವ ಪಾಠವೊಂದುಂಟು, ಅದು ನೋಡುವ ಪಾಠ. ಹಾಡುವುದನ್ನೂ ನಿಲ್ಲುವುದನ್ನೂ ಕಲಿತವನು ಇಡೀ ನಾಟಕವನ್ನು ಒಂದು ಕೃತಿಯೆಂದು ಕಾಣಲು ಕಲಿಯುವುದಿಲ್ಲ. ತನ್ನ ಪಾರ್ಟು ಮುಗಿದರೆ ಬಣ್ಣ ಅಳಿಸಿ ಮನೆಗೆ ಹೋಗುತ್ತಾನೆ, ನೋಡಲು ಬಂದವರೂ ತಮ್ಮ ಬಂಧುವಿನ ಸರದಿ ಬರುವವರೆಗೆ ಕಾದು ಏಳುತ್ತಾರೆ. ಈ ಕೊರತೆಯನ್ನು ಮನಗಂಡು ಅದಕ್ಕಾಗಿಯೇ ತರಗತಿಗಳನ್ನು ತೆರೆದ ಸಂಸ್ಥೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ. 1949ರಲ್ಲಿ ಅಡಕೆ ಬೆಳೆಗಾರರ ಹಳ್ಳಿಯೊಂದರ ಹವ್ಯಾಸಿ ನಾಟಕ ಸಂಘವಾಗಿ ಹುಟ್ಟಿ, ಕೆ.ವಿ. ಸುಬ್ಬಣ್ಣನವರ ದರ್ಶನದಿಂದ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವೆಂಬ ಸಂಚಾರಿ ತಂಡವನ್ನೂ ಆರಂಭಿಸಿದ ಈ ಸಂಸ್ಥೆಯ ಕೀರ್ತಿಯನ್ನು, 1991ರಲ್ಲಿ ಸುಬ್ಬಣ್ಣನವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿಯನ್ನು, ಓದುಗರು ಬಲ್ಲರು. ಅಷ್ಟಾಗಿ ಪ್ರಚಾರಕ್ಕೆ ಬಾರದ, ಆದರೆ ನನಗೆ ಅತ್ಯಂತ ಪ್ರಿಯವಾದ ಅದರ ಕಾರ್ಯವೆಂದರೆ ನಟರಾಗಬೇಕೆಂಬ ಉದ್ದೇಶವಿಲ್ಲದವರಿಗಾಗಿ ಅದು ನಡೆಸಿಕೊಂಡು ಬಂದಿರುವ ಶಿಬಿರಗಳು. ಮೊದಲು ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದ್ದೂರರು ಹಳ್ಳಿಯ ಜನರನ್ನು ಕೂರಿಸಿಕೊಂಡು ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ನೋಡುವ ಬಗೆಯನ್ನು ಕಲಿಸಿದರು. ಮುಂದೆ ಅದೇ ಬೀಜದಿಂದ ಸಂಸ್ಕೃತಿ ಶಿಬಿರವೆಂಬುದು ಬೆಳೆಯಿತು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ, ಉಪಾಧ್ಯಾಯರು, ಗುಮಾಸ್ತರು, ಕೃಷಿಕರು, ವಿದ್ಯಾರ್ಥಿಗಳು ಕೆಲವು ದಿನ ಅಲ್ಲಿ ಒಟ್ಟಿಗೆ ಉಂಡು, ಒಟ್ಟಿಗೆ ತಂಗಿ, ಹಗಲು ಉಪನ್ಯಾಸ ಕೇಳುತ್ತಾರೆ, ಸಂಜೆ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು ಮರುದಿನದ ಬೆಳಗು: ಹಿಂದಿನ ರಾತ್ರಿ ನೋಡಿದ್ದನ್ನು ಕುರಿತು, ಅದನ್ನು ಆಡಿಸಿದವರ ಎದುರಿನಲ್ಲೇ, ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದು. ನೋಟವೂ ಒಂದು ಅಭ್ಯಾಸ, ಅದಕ್ಕೂ ತಾಲೀಮು ಬೇಕು, ಎಂಬ ತಿಳಿವಳಿಕೆ ಅಲ್ಲಿ ಗಟ್ಟಿಯಾಗುತ್ತದೆ.

ಅರಸೀಕೆರೆಯವರಿಗೆ ಹೆಗ್ಗೋಡು ದೂರವಲ್ಲ. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಈ ಜಂಕ್ಷನ್ನನ್ನು ಹಾದೇ ಹೋಗಬೇಕು. ಸಾಗರದಲ್ಲಿ ಇಳಿದರೆ ಮುಂದಿನದು ಕೆಲವೇ ಮೈಲಿಗಳ ಹಾದಿ. ಊರಿನ ನಾಟಕ ಸಂಘಗಳು ಪಾರ್ಟಿನ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ತೆಗೆದಿಟ್ಟು ವರ್ಷಕ್ಕೆ ಒಬ್ಬಿಬ್ಬರು ಕಲಾವಿದರನ್ನೂ, ಸಾಧ್ಯವಾದರೆ ಮೇಷ್ಟರನ್ನೂ, ಆ ಶಿಬಿರಕ್ಕೆ ಕಳುಹಿಸಬೇಕೆಂಬುದು ನನ್ನ ಆಶೆ. ಹಾಗೆಯೇ ನೋಟದ ಪಾಠ ಕಲಿತ ಪಟ್ಟಣದ ವಿದ್ಯಾವಂತರು ಒಂದು ಸಲವಾದರೂ ಹಳ್ಳಿಯ ಪ್ರಾಕ್ಟೀಸಿಗೆ ಹೋಗಿ, ಕಂದವೊಂದನ್ನು ನಾಲ್ಕು ಜನರೆದುರು ಹೇಳಿ, ಮೇಷ್ಟರಿಂದ ತಿದ್ದಿಸಿಕೊಳ್ಳಬೇಕು. ಅದಕ್ಕೆ ಅರ್ಜಿಯ ಅಗತ್ಯವಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬಾಣಾವರ, ಗಂಡಸಿ, ಜಾವಗಲ್ಲಿನ ಕಡೆಯ ಯಾವ ಟೀ ಅಂಗಡಿಯಲ್ಲಿ ವಿಚಾರಿಸಿದರೂ, ಈ ವರ್ಷ ಯಾವ ಊರಿನಲ್ಲಿ ಯಾವ ನಾಟಕ ಎತ್ತಿದ್ದಾರೆ, ಮೇಷ್ಟರು ಯಾರು, ಇನ್ನೂ ಯಾವ ಪಾರ್ಟು ಖಾಲಿ ಇದೆ ಎಂಬುದನ್ನು ಸಂತೋಷದಿಂದ ತಿಳಿಸುತ್ತಾರೆ.