ಗೇರು ಬದಲಿಸುವುದು ಯಾವಾಗ? – ಕೆಂಪು ಗೆರೆಯ ಲೆಕ್ಕ

ಶಿವಮೊಗ್ಗದಿಂದ ಶಿಕಾರಿಪುರದ ಕಡೆಗೆ ಹೊರಡುವ ಸವಳಂಗ ರಸ್ತೆಯ ಪಕ್ಕದಲ್ಲಿ ಐದು ನಿಮಿಷ ಸುಮ್ಮನೆ ನಿಂತು ಕಿವಿಗೊಡಿ. ನಿಲ್ದಾಣ ಬಿಟ್ಟು ಹೊರಟ ಬಸ್ಸು ಒಮ್ಮೆ ಗುಡುಗಿ, ತಕ್ಷಣ ಗೇರು ಬದಲಿಸಿ, ಮತ್ತೆ ತಗ್ಗಿದ ದನಿಯಲ್ಲಿ ಮುಂದೆ ಸಾಗುತ್ತದೆ. ಅದರ ಹಿಂದೆಯೇ ಬಂದ ಚಿಕ್ಕ ಕಾರೊಂದು ಎರಡನೇ ಗೇರಿನಲ್ಲೇ ಕಿರುಚುತ್ತಾ ಬಸ್ಸನ್ನು ದಾಟಿ ಹೋಗುತ್ತದೆ. ಎರಡೂ ವಾಹನಗಳ ಚಾಲಕರು ಒಂದು ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಎಂಜಿನ್ ಎಷ್ಟು ವೇಗವಾಗಿ ತಿರುಗಿದಾಗ ಗೇರು ಬದಲಿಸಬೇಕು? ಇದೇ ಆ ಪ್ರಶ್ನೆ.

ಇದೇ ರಸ್ತೆಯ ನವುಲೆಯಲ್ಲಿ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ತಾಂತ್ರಿಕ ಮಹಾವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ಈ ಉತ್ತರ ಪಠ್ಯದ ಭಾಗವಾಗಿ ಸಿಗಬಹುದು. ಆದರೆ ಅದಕ್ಕೆ ಎಂಜಿನಿಯರಿಂಗ್ ಓದಲೇಬೇಕೆಂದಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ದೂರದರ್ಶನದ ಮಾತುಕತೆಯಲ್ಲಿ ಅಂಕಿಗಳು ತೆರೆಯ ಮೇಲೆ ಕ್ಷಣಕಾಲ ನಿಂತು ಮಾಯವಾಗುತ್ತವೆ. ಈ ಪುಟದಲ್ಲಿ ಅವನ್ನು ನಿಧಾನವಾಗಿ, ಕೈಯಲ್ಲಿ ಪೆನ್ಸಿಲ್ ಹಿಡಿದು ನೋಡೋಣ.

ಟಾರ್ಕ್ ಮತ್ತು ಸಾಮರ್ಥ್ಯ

ಕಾರಿನ ಕೈಪಿಡಿಯಲ್ಲಿ ಎರಡು ಅಂಕಿಗಳು ಯಾವಾಗಲೂ ಇರುತ್ತವೆ. ಒಂದು ಟಾರ್ಕ್, ಇನ್ನೊಂದು ಸಾಮರ್ಥ್ಯ. ಟಾರ್ಕ್ ಎಂದರೆ ತಿರುಚುವ ಬಲ. ಬಾವಿಯ ರಾಟೆಯನ್ನು ತಿರುಗಿಸಲು ನೀವು ಹಾಕುವ ಬಲದಂತೆ. ಆ ಬಲವನ್ನು ಎಷ್ಟು ಬೇಗ ಬೇಗ ಹಾಕುತ್ತೀರಿ ಎಂಬುದೂ ಸೇರಿದರೆ ಅದು ಸಾಮರ್ಥ್ಯ. ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿದರೆ ಸಾಮರ್ಥ್ಯ ಬರುತ್ತದೆ.

ನಮ್ಮ ನಾಡಿನ ಸಾವಿರಾರು ಕುಟುಂಬಗಳ ಮೊದಲ ಕಾರಾದ ಮಾರುತಿ 800ನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದರ 796 ಘನ ಸೆಂಟಿಮೀಟರಿನ, ಮೂರು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಾಗ ಗರಿಷ್ಠ ಟಾರ್ಕ್, ಅಂದರೆ 59 ನ್ಯೂಟನ್-ಮೀಟರ್ ಕೊಡುತ್ತಿತ್ತು. ಗರಿಷ್ಠ ಸಾಮರ್ಥ್ಯವಾದ 37 ಅಶ್ವಶಕ್ತಿ ಸಿಗುತ್ತಿದ್ದುದು 5000 ಸುತ್ತಿನಲ್ಲಿ.

ಈಗ ಲೆಕ್ಕ ಮಾಡಿ. 2500 ಸುತ್ತಿನಲ್ಲಿ 59 ನ್ಯೂಟನ್-ಮೀಟರ್ ಎಂದರೆ ಸಾಮರ್ಥ್ಯ ಸುಮಾರು 21 ಅಶ್ವಶಕ್ತಿ. 5000 ಸುತ್ತಿನಲ್ಲಿ 37 ಅಶ್ವಶಕ್ತಿ ಬರಬೇಕಾದರೆ ಟಾರ್ಕ್ ಸುಮಾರು 53 ಇದ್ದರೆ ಸಾಕು. ಅಂದರೆ ತಿರುಚುವ ಬಲ ಹತ್ತನೇ ಒಂದು ಭಾಗ ಕುಗ್ಗಿದ್ದರೂ ಸುತ್ತುಗಳು ಇಮ್ಮಡಿಯಾದುದರಿಂದ ಸಾಮರ್ಥ್ಯ ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿದೆ. ಚಿಕ್ಕ ಕಾರು ಕಿರುಚುತ್ತಾ ಬಸ್ಸನ್ನು ದಾಟುವುದರ ಗುಟ್ಟು ಇಷ್ಟೇ.

ಅತಿ ಹೆಚ್ಚು ಎಳೆತಕ್ಕೆ ಎಲ್ಲಿ ಬದಲಿಸಬೇಕು?

ಗೇರು ಪೆಟ್ಟಿಗೆ ಟಾರ್ಕನ್ನು ಗುಣಿಸುವ ಯಂತ್ರ. ಒಂದು ಕಾಲ್ಪನಿಕ ಕಾರಿನಲ್ಲಿ ಎರಡನೇ ಗೇರು ಟಾರ್ಕನ್ನು 2 ಪಟ್ಟು, ಮೂರನೆಯದು 1.4 ಪಟ್ಟು ಮಾಡುತ್ತದೆ ಎಂದಿಟ್ಟುಕೊಳ್ಳಿ. ಅದರ ಎಂಜಿನ್ 3500 ಸುತ್ತಿನಲ್ಲಿ 58, 4200ರಲ್ಲಿ 56, 5000ದಲ್ಲಿ 52, 6000ದಲ್ಲಿ 38 ನ್ಯೂಟನ್-ಮೀಟರ್ ಕೊಡಲಿ.

ಎರಡನೇ ಗೇರಿನಲ್ಲಿ 5000 ಸುತ್ತು ಮುಟ್ಟಿದ್ದೀರಿ. ಚಕ್ರದ ಕಡೆಗೆ ಹೋಗುವ ಟಾರ್ಕ್ 104. ಈಗ ಮೂರನೆಯದಕ್ಕೆ ಬದಲಿಸಿದರೆ ಎಂಜಿನ್ 3500 ಸುತ್ತಿಗೆ ಇಳಿಯುತ್ತದೆ; 58ನ್ನು 1.4ರಿಂದ ಗುಣಿಸಿದರೆ ಸಿಗುವುದು 81 ಮಾತ್ರ. ಎಳೆತವೇ ಬೇಕಿದ್ದರೆ ಇನ್ನೂ ಬದಲಿಸುವ ಹೊತ್ತು ಬಂದಿಲ್ಲ. ಆದರೆ 6000 ಮುಟ್ಟಿದಾಗ ಎರಡನೇ ಗೇರು ಕೊಡುವುದು 76. ಅದೇ ಕ್ಷಣ ಮೂರನೆಯದರಲ್ಲಿ, 4200 ಸುತ್ತಿನಲ್ಲಿ, 78 ಸಿಗುತ್ತದೆ. ಅಂದರೆ 6000ಕ್ಕೆ ತುಸು ಮೊದಲೇ ಬದಲಿಸುವುದು ಸರಿ.

ಮುಂದಿನ ಗೇರು ಚಕ್ರಕ್ಕೆ ಈಗಿನ ಗೇರಿಗಿಂತ ಹೆಚ್ಚು ಟಾರ್ಕ್ ಕೊಡುವ ಬಿಂದುವೇ ಅತಿ ಹೆಚ್ಚು ಎಳೆತದ ಬದಲಾವಣೆಯ ಬಿಂದು. ಇದು ಸಾಮಾನ್ಯವಾಗಿ ಗರಿಷ್ಠ ಸಾಮರ್ಥ್ಯದ ಸುತ್ತನ್ನು ಸ್ವಲ್ಪ ದಾಟಿದ ಮೇಲೆ ಬರುತ್ತದೆ. ಅದು ಕೆಂಪು ಗೆರೆಯ ಮೇಲೆಯೇ ಇರಬೇಕೆಂಬ ನಿಯಮವಿಲ್ಲ. ಎಂಜಿನ್ ಆಗಲೇ ಸೊರಗಿದ್ದರೆ, ಗೆರೆಯವರೆಗೆ ಎಳೆಯುವುದರಿಂದ ಹೆಚ್ಚುವುದು ಸದ್ದು, ವೇಗವಲ್ಲ.

ಕೆಂಪು ಗೆರೆ ಏನನ್ನು ಹೇಳುತ್ತದೆ?

ಸುತ್ತುಮಾಪಕದ ಮೇಲಿನ ಕೆಂಪು ಗೆರೆ ತಯಾರಕರು ಎಳೆದ ಮಿತಿ. ಅದರ ಹಿಂದಿರುವುದು ಜಡತ್ವ. ಮಾರುತಿ 800ರ ಪಿಸ್ಟನ್ ಒಂದು ಹೊಡೆತದಲ್ಲಿ 72 ಮಿಲಿಮೀಟರ್ ಚಲಿಸುತ್ತದೆ. 5000 ಸುತ್ತಿನಲ್ಲಿ ಅದು ಒಂದು ಸೆಕೆಂಡಿನಲ್ಲಿ ಸುಮಾರು 167 ಬಾರಿ ಪೂರ್ತಿ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡಬೇಕು. ಆಗ ಅದರ ವೇಗೋತ್ಕರ್ಷ ಗುರುತ್ವಕ್ಕಿಂತ ಸುಮಾರು 1000 ಪಟ್ಟು!

ಪಿಸ್ಟನ್ ಮತ್ತು ಅದರ ಪಿನ್ ಸೇರಿ ಕಾಲು ಕಿಲೋ ಎಂದು ಭಾವಿಸಿ. ಅದನ್ನು ಹಿಡಿದು ಹಿಂದಕ್ಕೆಳೆಯುವ ಕನೆಕ್ಟಿಂಗ್ ರಾಡಿನ ಮೇಲೆ ಸುಮಾರು 250 ಕಿಲೋ ಭಾರ, ಅಂದರೆ ಐದು ಸಿಮೆಂಟ್ ಮೂಟೆಗಳು ತೂಗುಬಿದ್ದಂತೆ. ಈ ಬಲ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 5000ದಿಂದ 6000ಕ್ಕೆ ಹೋದರೆ ಸುತ್ತು ಹೆಚ್ಚಿದ್ದು ಶೇಕಡಾ 20. ಬಲ ಹೆಚ್ಚಿದ್ದು ಶೇಕಡಾ 44. ಐದು ಮೂಟೆ ಈಗ ಏಳಕ್ಕೂ ಮಿಕ್ಕಿತು.

ಈ ಬಲ ಒಮ್ಮೆ ಬಂದು ಹೋಗುವುದಲ್ಲ, ಸೆಕೆಂಡಿಗೆ ಹತ್ತಾರು ಬಾರಿ ಎಳೆದು ಒತ್ತುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವುದನ್ನು ನೀವು ಕಂಡಿದ್ದೀರಿ. ಲೋಹದ ಈ ದಣಿವನ್ನು ತಡೆಯಲೆಂದೇ ಎಂಜಿನ್ನಿನ ಮುಖ್ಯ ಭಾಗಗಳಿಗೆ ವಿಶೇಷ ಉಕ್ಕು ಬೇಕಾಗುತ್ತದೆ. ಶಿವಮೊಗ್ಗದ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮುಂದೆ ಹೆಸರು ಮಾಡಿದ್ದು ಇಂಥ ಮಿಶ್ರ ಉಕ್ಕುಗಳಿಂದಲೇ. ಆದರೆ ಎಂಥ ಉಕ್ಕಿಗೂ ಒಂದು ಮಿತಿ ಉಂಟು.

ಎರಡನೇ ಅಪಾಯ ಕವಾಟಗಳದು. ಅವನ್ನು ಮುಚ್ಚುವುದು ಸ್ಪ್ರಿಂಗ್. ಸುತ್ತುಗಳು ಮಿತಿ ಮೀರಿದರೆ ಸ್ಪ್ರಿಂಗಿಗೆ ಪುರುಸೊತ್ತೇ ಸಿಗದೆ ಕವಾಟ ಗಾಳಿಯಲ್ಲಿ ತೇಲಿದಂತಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಮೇಲೆ ಬರುವ ಪಿಸ್ಟನ್ ಅದಕ್ಕೆ ಬಡಿಯಬಹುದು. ಡೀಸೆಲ್ ಎಂಜಿನ್ನುಗಳ ಕೆಂಪು ಗೆರೆ ಬಹಳ ಕೆಳಗಿರುವುದಕ್ಕೂ ಕಾರಣವಿದೆ. ಅವುಗಳ ಭಾಗಗಳು ಭಾರ, ಇಂಧನ ಉರಿಯಲು ಹಿಡಿಯುವ ಸಮಯವೂ ಹೆಚ್ಚು. ಬಸ್ಸಿನ ಚಾಲಕ ಬೇಗ ಗೇರು ಬದಲಿಸುವುದು ಇದಕ್ಕಾಗಿ. ಹಲವು ಬಸ್ಸು, ಲಾರಿಗಳ ಸುತ್ತುಮಾಪಕದಲ್ಲಿ ಹಸಿರು ಪಟ್ಟಿಯೊಂದು ಇರುತ್ತದೆ. ಮುಳ್ಳನ್ನು ಅದರೊಳಗೆ ಇಟ್ಟುಕೊಂಡರೆ ಡೀಸೆಲ್ ಉಳಿತಾಯ.

ದಿನನಿತ್ಯದ ಓಡಾಟಕ್ಕೆ

ಎಂಜಿನ್ನಿನ ಪ್ರತಿ ಸುತ್ತಿಗೂ ಘರ್ಷಣೆಯ ಸುಂಕ ಕಟ್ಟಬೇಕು. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗಲು ಕಡಿಮೆ ಸುತ್ತಿನ ಮೇಲಿನ ಗೇರು ಕಡಿಮೆ ಇಂಧನ ಬೇಡುತ್ತದೆ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ 2000ದಿಂದ 2500 ಸುತ್ತಿನ ಸುಮಾರಿಗೆ ಗೇರು ಏರಿಸುವುದು ಒಳ್ಳೆಯ ರೂಢಿ. ಹಾಗೆಂದು ಅತಿಯಾಗಿ ತಗ್ಗಿಸಲೂಬಾರದು. ಏರಿನಲ್ಲಿ ಮೇಲಿನ ಗೇರಿನಲ್ಲೇ ಹಟ ಹಿಡಿದು ಪೆಡಲ್ ಒತ್ತಿದರೆ ಎಂಜಿನ್ ನಡುಗುತ್ತದೆ, ಒಳಗೆ ಬಡಿತದ ಸದ್ದು ಕೇಳಿಸುತ್ತದೆ. ಅದು ಕೆಳಗಿನ ಗೇರಿಗೆ ಬನ್ನಿ ಎಂಬ ಮನವಿ. ಆಗುಂಬೆ ಘಾಟಿಯಂಥ ಇಳಿಜಾರಿನಲ್ಲಿಯೂ ಕೆಳಗಿನ ಗೇರೇ ಬೇಕು. ಎಂಜಿನ್ನಿನ ತಡೆ ಬ್ರೇಕು ಕಾಯದಂತೆ ಕಾಪಾಡುತ್ತದೆ.

ಬೆಳಿಗ್ಗೆ ಚಾಲೂ ಮಾಡಿದೊಡನೆ ಎಂಜಿನ್ನನ್ನು ಕಿರುಚಿಸುವುದು ಬೇಡ. ತಣ್ಣಗಿರುವ ಎಣ್ಣೆ ಮಂದ. ಅದು ಎಲ್ಲ ಸಂದುಗಳಿಗೂ ಸಲೀಸಾಗಿ ಹರಿಯಲು ಕೆಲವು ನಿಮಿಷದ ನಿಧಾನ ಓಟ ಬೇಕು. ಚೆನ್ನಾಗಿ ಬಿಸಿಯಾದ, ಸರಿಯಾಗಿ ನೋಡಿಕೊಂಡ ಎಂಜಿನ್ ಒಮ್ಮೊಮ್ಮೆ ಗೆರೆಯ ಹತ್ತಿರಕ್ಕೆ ಹೋದರೆ ಹಾಳಾಗುವುದಿಲ್ಲ. ಅದನ್ನು ತಾಳಲೆಂದೇ ಅದರ ರಚನೆ.

ಮಿತಿಕಾರಕ ಕಾಯದ ಒಂದು ತಪ್ಪು

ಇಂದಿನ ಕಾರುಗಳಲ್ಲಿ ಸುತ್ತು ಮಿತಿ ಮುಟ್ಟಿದೊಡನೆ ಗಣಕ ಇಂಧನವನ್ನು ಕಡಿದುಹಾಕುತ್ತದೆ. ಹಾಗಾದರೆ ಭಯವೇಕೆ ಎಂದು ನೀವು ಕೇಳಬಹುದು. ನಮ್ಮ ಕಾಲ್ಪನಿಕ ಕಾರನ್ನೇ ಮತ್ತೆ ನೋಡಿ. ಅದರ ನಾಲ್ಕನೇ ಗೇರು 1 ಪಟ್ಟು. ಎಂಜಿನ್ 4000 ಸುತ್ತಿನಲ್ಲಿದೆ. ಚಾಲಕ ಆತುರದಲ್ಲಿ ಮೂರರ ಬದಲು ಎರಡಕ್ಕೆ ತಳ್ಳಿ ಕ್ಲಚ್ ಬಿಟ್ಟ. ಸುತ್ತು ಒಮ್ಮೆಲೇ 8000ದತ್ತ! ಈಗ ಎಂಜಿನ್ನನ್ನು ತಿರುಗಿಸುತ್ತಿರುವುದು ಇಂಧನವಲ್ಲ, ಓಡುತ್ತಿರುವ ಕಾರಿನ ಚಕ್ರಗಳು. ಇಂಧನ ಕಡಿದು ಪ್ರಯೋಜನವಿಲ್ಲ. ಕವಾಟ, ರಾಡುಗಳ ಗತಿ ಹಾಗಿರಲಿ, ಮಲೆನಾಡಿನ ಮಳೆಯಲ್ಲಿ ನೆನೆದ ರಸ್ತೆಯಾದರೆ ಚಕ್ರಗಳು ಹಿಡಿತ ತಪ್ಪಿ ಕಾರೇ ಜಾರಬಹುದು.

ಸುತ್ತುಗಳ ವರ್ಗದ ನಿಯಮ ಎಂಜಿನ್ನಿನ ಹೊರಗೂ ಬೇರೆ ರೂಪದಲ್ಲಿ ಕಾದಿದೆ. ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 40 ಕಿಲೋಮೀಟರಿನಿಂದ 60ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. 60ರ ವೇಗದಲ್ಲಿ ನೀವು ಬೆಚ್ಚಿ ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲೇ ಕಾರು ಸುಮಾರು 17 ಮೀಟರ್ ಓಡಿರುತ್ತದೆ. ಕಾಲೇಜು ಬಿಟ್ಟ ಹೊತ್ತಿನಲ್ಲಿ ಸವಳಂಗ ರಸ್ತೆ ದಾಟುತ್ತಿರುವ ನಿಮ್ಮ ಗೆಳೆಯರಿಗೆ ಆ 17 ಮೀಟರು ಬಹಳ ದೊಡ್ಡದು. ಕಾರಿನ ಸಾಮರ್ಥ್ಯವನ್ನು ಪರೀಕ್ಷಿಸುವ ಸ್ಥಳ ಮುಚ್ಚಿದ ಪಥ ಅಥವಾ ಅನುಮತಿ ಪಡೆದ ರ‍್ಯಾಲಿ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದ ಸ್ಪರ್ಧೆ 1988ರ ಮೋಟಾರು ವಾಹನ ಕಾಯ್ದೆಯಡಿ ಅಪರಾಧ. 2019ರ ತಿದ್ದುಪಡಿಯ ಬಳಿಕ ಅಪ್ರಾಪ್ತ ವಯಸ್ಸಿನವರು ವಾಹನದೊಡನೆ ತಪ್ಪೆಸಗಿದರೆ ಪೋಷಕರೂ ವಾಹನದ ಮಾಲೀಕರೂ ಹೊಣೆಗಾರರು.

ನೀವೇ ಮಾಡಿ ನೋಡಿ

ಸ್ಟೀರಿಂಗ್ ಹಿಡಿಯದೆಯೂ ಈ ಪಾಠ ಕಲಿಯಬಹುದು. ಮುಂದಿನ ಬಾರಿ ಹಿರಿಯರು ಕಾರು ನಡೆಸುವಾಗ ಪಕ್ಕದಲ್ಲಿ ಕುಳಿತು, ಪ್ರತಿ ಗೇರು ಬದಲಾವಣೆಗೆ ಮೊದಲು ಮತ್ತು ನಂತರ ಸುತ್ತುಮಾಪಕದ ಅಂಕಿಗಳನ್ನು ಬರೆದುಕೊಳ್ಳಿ. ಮೊದಲಿನದನ್ನು ನಂತರದ್ದರಿಂದ ಭಾಗಿಸಿದರೆ ಎರಡು ಗೇರುಗಳ ನಡುವಿನ ಅನುಪಾತ ಸಿಗುತ್ತದೆ. ಮನೆಗೆ ಬಂದು ಕೈಪಿಡಿಯ ಅಂಕಿಗಳೊಡನೆ ಹೋಲಿಸಿ. ಸುತ್ತುಮಾಪಕವಿಲ್ಲದ ಕಾರಾದರೆ ಚಿಂತೆಯಿಲ್ಲ, ಕಿವಿ ಸಾಕು. ಎಂಜಿನ್ನಿನ ಶ್ರುತಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಗಮನಿಸಿ. ಕೆಲವೇ ದಿನಗಳಲ್ಲಿ, ಗೇರು ಬದಲಿಸಬೇಕಾದ ಹೊತ್ತು ಯಾವುದೆಂದು ಚಾಲಕರಿಗಿಂತ ಮೊದಲೇ ನೀವು ಹೇಳಬಲ್ಲಿರಿ.